ಒಂದನೇ ನಂಬರಿನ ನೆರಳು

ಹುಲಿಗೆಮ್ಮನಿಗೆ ನೆರಳಿರಲಿಲ್ಲ. ವೀಳ್ಯದೆಲೆ ಮಾರುವವಳಿಗೆ ಇದಕ್ಕಿಂತ ದೊಡ್ಡ ಕೊರತೆ ಇಲ್ಲ. ಬೆಳಿಗ್ಗೆ ತೋಟದಿಂದ ಬಂದ ಎಲೆ ಮಧ್ಯಾಹ್ನದ ಹೊತ್ತಿಗೆ ಹಪ್ಪಳದ ಹಾಗೆ ಅಂಚು ಮುರಿಯುತ್ತಿತ್ತು. ಗೋಣಿತಟ್ಟು ನೆನೆಸಿ ಹೊದಿಸುತ್ತಿದ್ದಳು, ಕೊಡದ ನೀರು ಚಿಮುಕಿಸುತ್ತಿದ್ದಳು, ಸೆರಗನ್ನು ಅಡ್ಡ ಹಿಡಿಯುತ್ತಿದ್ದಳು. ನಮ್ಮೂರಲ್ಲಿ ಬಟ್ಟೆಗೆ ಬಿಸಿಲು ನಿಲ್ಲುವುದಿಲ್ಲ. ಕೊಡೆಗೂ ನಿಲ್ಲುವುದಿಲ್ಲ, ಚಪ್ಪರಕ್ಕೂ ನಿಲ್ಲುವುದಿಲ್ಲ. ಚಹಾ ಸೋಸಿದ ಹಾಗೆ ಸೋರಿ ಕೆಳಗಿಳಿಯುತ್ತದೆ. ಬೇವಿನ ಗಿಡಗಳಿದ್ದವು, ಅವುಗಳ ಬುಡದಲ್ಲೂ ಬಿಸಿಲೇ. ಮನೆಯ ಗೋಡೆ ದಾಟಿ ಹೊರಗೆ ಬಂದರೆ ಬಿಸಿಲನ್ನು ತಡೆಯುವವರು ಲಿಫ್ಟರುಗಳು ಮಾತ್ರ.

ಲಿಫ್ಟರ್ ಅಂದರೆ ವಾಲಿಬಾಲಿನಲ್ಲಿ ಚೆಂಡು ಎತ್ತಿ ಕೊಡುವವನು. ಹಿಂದಿನವರು ಮುಂಗೈ ಜೋಡಿಸಿ ತಡೆದ ಚೆಂಡನ್ನು ಅವನು ಬೆರಳ ತುದಿಯಿಂದ ನೆಟ್ಟಿನ ಮೇಲಕ್ಕೆ ಎತ್ತಿ ಇಡುತ್ತಾನೆ, ಸ್ಮ್ಯಾಶರ್ ಹಾರಿ ಬಂದು ಬಡಿಯುತ್ತಾನೆ. ಚಪ್ಪಾಳೆಯೆಲ್ಲ ಸ್ಮ್ಯಾಶರನಿಗೆ. ಆದರೆ ಸೋಮವಾರದ ಪತ್ರಿಕೆಯಲ್ಲಿ ತ್ರಿಂಬಕರಾಯರು ಊರಿನ ಲಿಫ್ಟರುಗಳಿಗೆ ನಂಬರು ಕೊಟ್ಟು ಬರೆಯುತ್ತಿದ್ದರು. ಪತ್ರಿಕೆ ಹಂಚಿ ಮುಗಿಯುವಷ್ಟರಲ್ಲಿ ಒಂದನೇ ನಂಬರಿನವನ ನೆರಳು ಓಣಿಯ ಈ ತುದಿಯಿಂದ ಆ ತುದಿಗೆ ಹಾಸಿಕೊಳ್ಳುತ್ತಿತ್ತು. ಎರಡನೆಯವನದು ಒಂದು ಹೊರಸಿನಷ್ಟು, ಹಗ್ಗದ ಮಂಚದಷ್ಟು. ಮೂರನೆಯವನದು ಒಂದು ಕುರಿ ಮಲಗುವಷ್ಟು. ಅವರ ಕೆಳಗಿನವರ ನೆರಳು ನಿಮ್ಮ ನಮ್ಮ ನೆರಳಿನ ಹಾಗೆ, ಜತೆಗೆ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ. ರಾಯರು ಒಮ್ಮೆ ಸ್ಮ್ಯಾಶರುಗಳಿಗೂ ನಂಬರು ಕೊಟ್ಟು ನೋಡಿದ್ದರು. ಅದರಿಂದ ಒಂದು ಇರುವೆಗೂ ತಂಪಾಗಲಿಲ್ಲ, ಬಿಟ್ಟುಬಿಟ್ಟರು.

ನಾನು ಹುಲಿಗೆಮ್ಮನ ಮಗ್ಗುಲಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟವನು. ನಮ್ಮದು ಬಾವಿ ಓಣಿ. ನಮ್ಮ ಲಿಫ್ಟರ್ ದಾವಲಸಾಬ, ಹತ್ತಿ ಹಿಂಜಿ ಗಾದಿ ಹೊಲಿಯುವವನು. ಅವನು ಎರಡನೇ ನಂಬರು. ಆಚೆ ಕಮಾನ ಓಣಿಯ ಮೌನೇಶ ನಳದ ನೀರು ಬಿಡುವವನು, ಒಂದನೇ ನಂಬರು. ನನಗೆ ಮೀಸೆ ಬರುವ ಮುಂಚಿನಿಂದಲೂ ಹೀಗೇ ಇತ್ತು. ಮೌನೇಶನ ನೆರಳಲ್ಲಿ ಕಾಯಿಪಲ್ಲೆ ಸಂತೆ ಕೂಡುತ್ತಿತ್ತು, ನ್ಯಾಯ ಪಂಚಾಯಿತಿ ನಡೆಯುತ್ತಿತ್ತು, ಹೆಣ್ಣು ನೋಡುವ ಶಾಸ್ತ್ರವೂ ಆಗುತ್ತಿತ್ತು. ನಡುವೆ ಅವನು ವಾಲ್ವು ತಿರುಗಿಸಲು ಎದ್ದು ಹೋದನೆಂದರೆ ಸಂತೆಗೆ ಸಂತೆಯೇ ಬುಟ್ಟಿ ಹೊತ್ತುಕೊಂಡು ಅವನ ಹಿಂದೆ ನಡೆಯುತ್ತಿತ್ತು. ತಕ್ಕಡಿಯಲ್ಲಿ ಬದನೆಕಾಯಿ ತೂಗುತ್ತಲೇ ನಡೆಯುವುದನ್ನು ಆ ಓಣಿಯವರು ಕಲಿತಿದ್ದರು. ದಾವಲಸಾಬನ ಹೊರಸಿನಷ್ಟು ನೆರಳು ಬಾವಿಕಟ್ಟೆಯ ಅರವಟಿಗೆಗೆ ಮೀಸಲು. ಅವನು ಗಾದಿ ಹೊಲಿಯುತ್ತ ಅಲ್ಲಿ ಕೂತರೆ ಕುಡಿಯುವ ನೀರಿನ ಗಡಿಗೆ ತಣ್ಣಗಿರುತ್ತಿತ್ತು. ಹುಲಿಗೆಮ್ಮನ ಬುಟ್ಟಿ ಅಲ್ಲಿಂದ ದೂರ.

ಮೌನೇಶನ ನೆರಳಿಗೆ ಹೋಗಿ ಕೂರಬಾರದೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಯಾರ ನೆರಳಲ್ಲಿ ಕೂತೆಯೋ ಅವರ ಪರ ಕೂಗಬೇಕು, ಅದು ಊರಿನ ಕಟ್ಟಳೆ. ಹುಲಿಗೆಮ್ಮನ ಬಾಯಿ ಊರಿಗೆಲ್ಲ ಗೊತ್ತಿತ್ತು. ಮೌನೇಶ ಚೆಂಡು ಎತ್ತುವುದನ್ನು ಅವಳು ‘ಬಾಣಂತಿ ಕೂಸು ಎತ್ತಿದಂಗ’ ಅಂದಿದ್ದಳು. ‘ಕಸದ ಬುಟ್ಟಿ ಹೊತ್ತು ಹಾಕಿದಂಗ’ ಅಂದಿದ್ದಳು. ಅಂಥವಳು ಹೋಗಿ ಅವನ ಪರ ಕೂಗುವುದಕ್ಕಿಂತ ಎಲೆ ಒಣಗಿಸಿಕೊಳ್ಳುವುದೇ ಮರ್ಯಾದೆ ಎಂದು ಕೂತಿದ್ದಳು. ಆ ವರ್ಷ ಬೇಸಿಗೆ ಯುಗಾದಿಗೆ ಮೊದಲೇ ಬಂತು. ಎಲೆ ತೋಟದ ತಿಪ್ಪಣ್ಣ ಒಂದು ದಿನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಡಿದ ಎಲೆಯೊಂದನ್ನು ಬೆರಳಿನಲ್ಲಿ ಪುಡಿ ಮಾಡಿದ.

“ಅಕ್ಕಾ, ಇನ್ನ ಹಿಂಗ ಆದ್ರ ನಿನ್ನ ಪಾಲಿನ ಎಲಿ ಕಮಾನ ಓಣಿಯಾಗ ಎಲಿ ಮಾರೋ ಆಕಿಗೆ ಹಾಕತೀನಿ. ನನ್ನ ತೋಟದ ಹೆಸರು ಕೆಡತೈತಿ.”

“ನಿನ್ನ ತೋಟದ ಹೆಸರು ನನ್ನಿಂದ ಉಳದೈತಿ,” ಎಂದಳು ಹುಲಿಗೆಮ್ಮ. “ತೊಟ್ಟು ಮುರದ ಎಲಿ ಕಳಸ್ತಿ, ನಾ ಮಾತಾಡಿ ಮಾರತೀನಿ.”

ತಿಪ್ಪಣ್ಣ ವಾದಕ್ಕೆ ನಿಲ್ಲಲಿಲ್ಲ. ಮುಂದಿನ ಅಮಾವಾಸ್ಯೆವರೆಗೆ ನೋಡುತ್ತೇನೆ ಎಂದು ಎದ್ದು ಹೋದ. ಗಂಡ ಸತ್ತಾಗಿನಿಂದ ಹುಲಿಗೆಮ್ಮ ಆ ಬುಟ್ಟಿಯ ಮೇಲೆ ಬದುಕಿದವಳು. ಆ ದಿನ ಸಂಜೆಯವರೆಗೂ ಅವಳು ಯಾರ ಮೇಲೂ ರೇಗಲಿಲ್ಲ. ನನಗೆ ಹೆದರಿಕೆಯಾದದ್ದು ಅದರಿಂದಲೇ.

ವಾದವೆಲ್ಲ ನಡೆಯುತ್ತಿದ್ದುದು ಕಾಡಪ್ಪನ ಕಟಿಂಗ್ ಶಾಪಿನಲ್ಲಿ. ಅಂಗಡಿ ಎರಡು ಓಣಿ ಕೂಡುವ ಮೂಲೆಯಲ್ಲಿತ್ತು; ಕಾಡಪ್ಪ ಮಾತ್ರ ಹುಟ್ಟಾ ಕಮಾನ ಓಣಿಯವನು. ಶನಿವಾರ ಸಂಜೆ ತ್ರಿಂಬಕರಾಯರು ಗಡ್ಡಕ್ಕೆ ಬಂದು ಕುರ್ಚಿಯಲ್ಲಿ ಒರಗುತ್ತಿದ್ದರು. ರಾಯರು ಆಟ ನೋಡುತ್ತಿರಲಿಲ್ಲವೆಂದಲ್ಲ, ಒಂದೂ ತಪ್ಪಿಸುತ್ತಿರಲಿಲ್ಲ. ಆದರೆ ಅವರಿಗಿದ್ದುದು ಓದುವ ಕನ್ನಡಕ ಒಂದೇ. ಮೈದಾನದಲ್ಲಿ ಅವರಿಗೆ ಬಿಳೀ ಬಣ್ಣದ್ದೇನೋ ಮೇಲೆ ಕೆಳಗೆ ಹೋಗುವುದು ಕಾಣುತ್ತಿತ್ತು. ಉಳಿದದ್ದನ್ನು ಅವರು ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಇದು ಊರಿಗೆಲ್ಲ ಗೊತ್ತಿದ್ದುದರಿಂದ ಶನಿವಾರ ಸಂಜೆ ಕಾಡಪ್ಪನ ಅಂಗಡಿಯಲ್ಲಿ ಗಡ್ಡವಿಲ್ಲದವರೂ ಹೆಂಗಸರೂ ತುಂಬಿರುತ್ತಿದ್ದರು.

ಆ ವಾದಕ್ಕೆ ಒಂದೇ ನಿಯಮ. ಬೆರಳಿನ ಮಾತಾಡಬಹುದು, ಮಣಿಕಟ್ಟಿನ ಮಾತಾಡಬಹುದು, ಲಿಫ್ಟರನ ಅಜ್ಜನ ಮಾತೂ ಆಡಬಹುದು. ನೆರಳಿನ ಮಾತಾಡಬಾರದು. ಆಡಿದವನು ಆಸೆಗೆ ಬಿದ್ದು ಮಾತಾಡುತ್ತಿದ್ದಾನೆ, ಆಟಕ್ಕಲ್ಲ ಎಂದಾಯಿತು. ಅಂಥವನು ಮುಂದಿನ ಪತ್ರಿಕೆ ಬರುವವರೆಗೆ ಲಿಫ್ಟರುಗಳ ವಿಷಯದಲ್ಲಿ ಬಾಯಿ ಬಿಡುವಂತಿಲ್ಲ. ಬೆವರು ಒರೆಸಿಕೊಳ್ಳುವುದನ್ನು ಕೂಡ ಜನ ಬೇರೆ ಕಡೆ ತಿರುಗಿ ಮಾಡುತ್ತಿದ್ದರು.

ಆ ಶನಿವಾರ ಹುಲಿಗೆಮ್ಮ ಬೆಂಚಿನ ಮೇಲೆ ಕೂತವಳೇ ಶುರು ಮಾಡಿದಳು. ರಾಯರು ಹಿಂದಿನ ವಾರ ‘ಮೌನೇಶರ ಎತ್ತುವಿಕೆಯಲ್ಲಿ ಒಂದು ಪ್ರಬುದ್ಧ ಮೌನವಿದೆ’ ಎಂದು ಬರೆದಿದ್ದರು.

“ಪ್ರಬುದ್ಧ ಮೌನ ಅಂದ್ರ ಏನ್ರೀ ರಾಯರ? ಚೆಂಡು ಕೈತಪ್ಪಿ ನೆಟ್ಟಿಗೆ ಬಿದ್ದಾಗ ಬಾಯಿ ಮುಚ್ಕೊಂಡು ನಿಂತಿದ್ದನಲ್ಲ, ಅದಾ?”

ರಾಯರು ನೊರೆಯೊಳಗೇ ಹ್ಞೂಂ ಎಂದರು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಕಾಡಪ್ಪ ಕತ್ತಿಯನ್ನು ಪಟ್ಟಿಗೆ ತಿಕ್ಕಿದ. “ಗೆದ್ದೋರು ಯಾರು ಅದನ್ನ ಹೇಳವಾ. ನಮ್ಮ ಓಣಿ ಗೆದ್ದೈತಿ. ಲಿಫ್ಟರ್ ಚಲೋ ಇದ್ದಲ್ಲಿ ಗೆಲುವು.”

“ಗೆದ್ದಾವ ನಿಮ್ಮ ಸ್ಮ್ಯಾಶರ್. ಅವ ಆರು ಅಡಿ ಅದಾನ, ಚೆಂಡು ಎಲ್ಲಿ ಒಗದ್ರೂ ಬಡೀತಾನ. ಮೌನೇಶನ ಜಾಗಾಕ್ಕ ನನ್ನ ಎಮ್ಮಿ ನಿಂದ್ರಿಸಿದ್ರೂ ಗೆಲ್ತಿದ್ರಿ.”

“ಹಂಗಾದ್ರ ನಿನ್ನ ಎಮ್ಮಿನ ನಿಮ್ಮ ಟೀಮಿಗೆ ಹಾಕ್ಕೊಳ್ರಿ. ಈಗ ಇರೋದಕ್ಕಿಂತ ಸುಧಾರಿಸೀತು.”

ಅಂಗಡಿ ನಕ್ಕಿತು. ಹುಲಿಗೆಮ್ಮ ನಗಲಿಲ್ಲ. “ನಕ್ಕೊಳ್ರಿ. ದಾವಲಸಾಬ ಹತ್ತಿ ಹಿಂಜೋ ಕೈಯಿಂದ ಚೆಂಡ ಮುಟ್ಟತಾನ. ಅವ ಎತ್ತಿದ್ದು ಚೆಂಡಿಗೇ ಗೊತ್ತಾಗಂಗಿಲ್ಲ. ನಿಮ್ಮವ ನಳ ತಿರುವೋ ಕೈ. ಚೆಂಡ ಒದರತೈತಿ. ಕಾಡಪ್ಪ, ನೀ ಕೇಳಿಲ್ಲೇನು ಚೆಂಡ ಒದರೋದು?”

“ಚೆಂಡ ಒದರಂಗಿಲ್ಲವಾ. ನೀ ಒದರತಿ.”

“ನಾ ಒದರತೀನಿ, ನೀ ಬೊಗಳತಿ. ನಿಮ್ಮ ಓಣಿಯಾಗ ಮೌನೇಶ ಸೀನಿದ್ರೂ ಭಾಳ ಚಲೋ ಸೀನಿದಾ ಅಂತೀರಿ.”

ಅಂಗಡಿಯ ತಗಡಿನ ಮಾಡು ಸುಡುತ್ತಿತ್ತು. ಅಷ್ಟು ಜನ ತುಂಬಿ ಒಳಗೆ ಉಸಿರು ಕಟ್ಟುವಂತಿತ್ತು. ಕಾಡಪ್ಪ ಬೆಳಿಗ್ಗೆಯಿಂದ ನಿಂತೇ ಇದ್ದ. ಅವನ ಹಣೆಯ ಬೆವರ ಹನಿಯೊಂದು ಜಾರಿ ರಾಯರ ನೊರೆಯಲ್ಲಿ ಬಿತ್ತು. ಅವನು ಕತ್ತಿ ಕೆಳಗಿಟ್ಟು ಹುಲಿಗೆಮ್ಮನ ಕಡೆ ತಿರುಗಿದ.

“ಹೋಗಲಿ ಬಿಡವಾ. ನಿನಗ ದಾವಲಸಾಬ ಗೆದ್ರೇನು ಸೋತ್ರೇನು. ನಿನ್ನ ಎಲಿಗೆ ನೆರಳು ಬೇಕಾಗೈತಿ, ಅಷ್ಟ.”

ಒಬ್ಬ ಕನ್ನಡಿ ನೋಡಿದ, ಇನ್ನೊಬ್ಬ ಗೋಡೆಯ ಕ್ಯಾಲೆಂಡರ್ ನೋಡಿದ. ಕಮಾನ ಓಣಿಯ ಹಿರಿಯನೊಬ್ಬ, ಕಾಡಪ್ಪನ ಸ್ವಂತ ಸೋದರಮಾವ, ಹೆಗಲ ಮೇಲಿನ ಟವೆಲ್ ತೆಗೆದು ಕಾಡಪ್ಪನ ಕೈಗೆ ಕೊಟ್ಟ. ಬಾಯಿ ಮುಚ್ಚು ಎನ್ನುವುದಕ್ಕೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಕಾಡಪ್ಪ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಕತ್ತಿ ಎತ್ತಿದ. ರಾಯರ ಉಳಿದರ್ಧ ಗಡ್ಡ ಮುಗಿಯುವವರೆಗೆ ಹುಲಿಗೆಮ್ಮ ಒಬ್ಬಳೇ ಮಾತಾಡಿದಳು. ಎದುರಾಡುವವರಿಲ್ಲದ ಮಾತು ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಾನು ಅವತ್ತು ನೋಡಿದೆ. ದಾವಲಸಾಬನ ಬೆರಳಿನಿಂದ ಹೊರಟು ಅವನ ಉಗುರಿನವರೆಗೆ ಬಂದಳು. ಕತ್ತರಿಸಿದ ಉಗುರನ್ನೂ ಬಿಡಲಿಲ್ಲ.

ಸೋಮವಾರ ಪತ್ರಿಕೆ ಬಂತು. ‘ಹತ್ತಿಯ ಬೆರಳು’ ಎಂಬ ತಲೆಬರಹ. ದಾವಲಸಾಬ ಒಂದು, ಮೌನೇಶ ಎರಡು.

ನಾನು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದೆ. ಬೆನ್ನ ಮೇಲೆ ಯಾರೋ ತಣ್ಣೀರಿನ ಬಟ್ಟೆ ಹಾಕಿದ ಹಾಗಾಯಿತು. ತಲೆ ಎತ್ತಿದರೆ ಬಾವಿಕಟ್ಟೆಯ ಕಡೆಯಿಂದ ನೆರಳು ಓಣಿಗುಂಟ ಹರಿದು ಬರುತ್ತಿತ್ತು, ಕಟ್ಟೆ, ನಾಯಿ, ನನ್ನ ಗಾಳಿ ಹೊಡೆಯುವ ಪಂಪು ಎಲ್ಲವನ್ನೂ ದಾಟಿಕೊಂಡು. ಹುಲಿಗೆಮ್ಮನ ಬುಟ್ಟಿಯ ಹತ್ತಿರ ಬಂದಾಗ ಅವಳು ಗೋಣಿತಟ್ಟು ತೆಗೆದು ಪಕ್ಕಕ್ಕಿಟ್ಟಳು. ಕಾಲು ಚಾಚಿಕೊಂಡಳು. ಅವಳು ಕಾಲು ಚಾಚಿ ಕೂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ವಾರವೆಲ್ಲ ಎಲೆ ಸಂಜೆಯವರೆಗೂ ಪಚ್ಚಗಿತ್ತು. ತಿಪ್ಪಣ್ಣ ಬಂದು ನೋಡಿ ಅವಳ ಪಾಲನ್ನು ಹೆಚ್ಚಿಸಿಯೇ ಹೋದ. ಕಾಯಿಪಲ್ಲೆಯವರು ಒಬ್ಬೊಬ್ಬರಾಗಿ ಬುಟ್ಟಿ ಹೊತ್ತು ನಮ್ಮ ಓಣಿಗೆ ಬಂದರು, ಬಂದವರು ಕಟ್ಟಳೆಯಂತೆ ದಾವಲಸಾಬನ ಹೆಸರು ಕೂಗಿದರು. ಮೊದಲ ಕೂಗು ಗಂಟಲಲ್ಲೇ ಉಳಿಯಿತು, ಎರಡನೆಯದು ಚೆನ್ನಾಗಿ ಬಂತು. ತ್ರಿಂಬಕರಾಯರೂ ತಮ್ಮ ಬರೆಯುವ ಮೇಜನ್ನು ಕಮಾನ ಓಣಿಯಿಂದ ಹೊರಿಸಿ ತಂದು ನನ್ನ ಅಂಗಡಿಯ ಎದುರು ಹಾಕಿಸಿದರು. ಒಳ್ಳೆಯ ಬರವಣಿಗೆಗೆ ಜಾಗ ಬದಲಾಗಬೇಕು ಎಂದರು.

ಕಷ್ಟ ಶುರುವಾದದ್ದು ದಾವಲಸಾಬನಿಗೆ. ಅವನು ಮಾತು ಕಡಿಮೆಯ ಮನುಷ್ಯ. ಜನ ಹೇಳಿದ ಕಡೆ ನಿಲ್ಲುತ್ತಿದ್ದ. “ದಾವಲಾ, ತುಸು ಈಚೆ ಸರಿಯೋ, ಟೊಮೆಟೊ ಬಾಡಾಕ ಹತ್ತ್ಯಾವ.” “ದಾವಲಾ, ಹಂಗ ಕುಂದ್ರಬ್ಯಾಡ, ನಿಂತ್ಕೋ, ನೆರಳು ಗಿಡ್ಡ ಆಗತೈತಿ.” ಒಂದು ಮದುವೆಯವರು ಅವನನ್ನು ಬೆಳಗಿನಿಂದ ಊಟದ ಪಂಕ್ತಿ ಮುಗಿಯುವವರೆಗೂ ಅಂಗಳದ ನಡುವೆ ನಿಲ್ಲಿಸಿದರು. ಮದುಮಗನಿಗಿಂತ ಹೆಚ್ಚು ಹೊತ್ತು ನಿಂತವನು ಅವನೇ, ಊಟಕ್ಕೆ ಕರೆಯುವುದು ಮರೆತರು.

ಅದನ್ನೂ ಅವನು ತಾಳಿಕೊಳ್ಳುತ್ತಿದ್ದನೇನೋ. ಆದರೆ ಹತ್ತಿಗೆ ಬಿಸಿಲು ಬೇಕು. ಹಳೇ ಗಾದಿ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಗರಿಗರಿಯಾದ ಮೇಲೆ ಹಿಂಜಬೇಕು. ಒಂದನೇ ನಂಬರು ಬಂದಾಗಿನಿಂದ ಅವನು ಎಲ್ಲಿ ಹತ್ತಿ ಹರವಿದರೂ ಅಲ್ಲಿ ನೆರಳು. ಅವನೇ ದೂರ ಹೋದರೆ ಆದೀತೆಂದು ಹೆಂಡತಿಯನ್ನು ಹತ್ತಿಯ ಹತ್ತಿರ ಬಿಟ್ಟು ಊರ ಹೊರಗೆ ನಡೆದು ನೋಡಿದ. ಸಂತೆಯವರು ಓಡಿ ಹೋಗಿ ಕೈ ಹಿಡಿದು ಕರೆತಂದರು. ಹೆಂಡತಿ ಹತ್ತಿಯ ಗಂಟನ್ನು ಕಮಾನ ಓಣಿಗೆ ಹೊತ್ತುಕೊಂಡು ಹೋದಳು. ಅಲ್ಲಿ ಈಗ ಬೇಕಾದಷ್ಟು ಬಿಸಿಲಿತ್ತು. ಅವರು ಅವಳನ್ನು ಕಮಾನಿನ ಕೆಳಗೇ ತಡೆದರು. “ನಿಮ್ಮ ಹತ್ತಿ ನಮ್ಮ ಬಿಸಿಲಾಗ ಯಾಕ ಒಣಗಸ್ತಿ? ನಿಮ್ಮದು ನಿಮ್ಮ ಓಣಿಯಾಗ ಇಟ್ಕೋರಿ,” ಎಂದರು. ಅರ್ಧ ಒಣಗಿದ ಹತ್ತಿಯಲ್ಲೇ ಅವನು ಹೊಲಿದ ಮದುವೆ ಗಾದಿಗಳು ವಾರದೊಳಗೆ ವಾಪಸು ಬಂದವು. ಮುಗ್ಗಲು ವಾಸನೆ ಓಣಿಗೆಲ್ಲ ಹೊಡೆಯಿತು. ಹೊಸ ಅಳಿಯ ಗಾದಿ ಬಿಟ್ಟು ನೆಲದ ಮೇಲೆ ಮಲಗಿದನಂತೆ. ಬೀಗರ ನಡುವೆ ಮಾತು ಬೆಳೆದಿತ್ತು.

ದಾವಲಸಾಬ ಬೇಕೆಂದೇ ಕೆಟ್ಟದಾಗಿ ಆಡಿದ. ಚೆಂಡು ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡ, ಅದು ಎರಡು ಕಾಲಿನ ನಡುವೆ ಬಿದ್ದು ಉರುಳಿತು. ಬಾವಿ ಓಣಿ ಸೋತಿತು. ಸೋಮವಾರ ರಾಯರು ನಮ್ಮ ನೆರಳಲ್ಲಿ ಕೂತು ಬರೆದರು: ‘ಚೆಂಡನ್ನು ಮುಟ್ಟದೆ ಬಿಡುವ ಧೈರ್ಯ ಎಷ್ಟು ಲಿಫ್ಟರುಗಳಿಗಿದೆ? ದಾವಲಸಾಬರು ತ್ಯಾಗದ ಒಂದು ಹೊಸ ವರಸೆಯನ್ನು ಆಟಕ್ಕೆ ತಂದಿದ್ದಾರೆ.’ ಮತ್ತೆ ಒಂದನೇ ನಂಬರು.

ಅವತ್ತು ಮಧ್ಯಾಹ್ನ ಅವನು ಹುಲಿಗೆಮ್ಮನ ಬುಟ್ಟಿಯ ಹತ್ತಿರ ಬಂದು ಕೂತ. ಹಿಂದೆಯೇ ಬಂದ ಸಂತೆಯವರನ್ನು ಅವಳು ಕಣ್ಣಿನಲ್ಲೇ ದೂರ ಸರಿಸಿದಳು. ನಾನು ಸರಿಯಲಿಲ್ಲ, ನನ್ನ ಅಂಗಡಿ ಅಲ್ಲೇ ಇತ್ತು.

“ಅಕ್ಕಾ,” ಎಂದ, “ಶನಿವಾರ ನನ್ನ ಬೈಯಿ.”

“ಯಾಕೋ? ಹೊಗಳಿದ್ದು ಸಾಲಲಿಲ್ಲೇನು?”

“ಆಟ ಕೆಡಿಸಿದ್ರ ರಾಯರು ನಂಬವಲ್ರು. ನೀ ಹೇಳಿದ್ರ ನಂಬತಾರ. ಮೌನೇಶ ಚಲೋ ಅಂತ ಒಂದ ಮಾತು ಅಂದುಬಿಡು.”

ಹುಲಿಗೆಮ್ಮ ಎಲೆಗಳನ್ನು ಎಣಿಸುವುದು ನಿಲ್ಲಿಸಿದಳು. “ನನ್ನ ನಾಲಿಗಿ ಸೀಳಿ ಹೋಗತೈತಿ.”

“ನನ್ನ ಹೊಟ್ಟಿ ಸೀಳಿ ಹೋಗೈತಿ. ಗಾದಿ ಹೊಲಿಸೋರು ಯಾರೂ ಬರವಲ್ರು.”

“ಮತ್ತ ನನ್ನ ಎಲಿ?” ಇದನ್ನು ಅವಳು ಮೆಲ್ಲಗೆ ಕೇಳಿದಳು. ಅಂಗಡಿಯ ಹೊರಗಾದರೂ ಆಡಬಾರದ ಮಾತಿನ ಅಂಚಿಗೆ ಬಂದಿದ್ದಳು.

ಅದನ್ನು ದಾವಲಸಾಬ ಯೋಚಿಸಿಕೊಂಡೇ ಬಂದಿದ್ದ. “ನನ್ನ ಎರಡಕ್ಕ ಇಳಸು. ಅರವಟಿಗಿ ಬ್ಯಾಡ, ಇಲ್ಲೇ ನಿನ್ನ ಬುಟ್ಟಿ ಮಗ್ಗಲಾಗ ಕುಂತು ಹೊಲಿತೀನಿ. ಹೊರಸಿನಷ್ಟು ನಿನ್ನ ಎಲಿಗೆ ಸಾಕು. ಅದರಾಚೆ ಬಿಸಿಲು ನನ್ನ ಹತ್ತಿಗೆ.”

ಹುಲಿಗೆಮ್ಮ ನನ್ನ ಕಡೆ ನೋಡಿದಳು. “ಏನಂತಿ ಯಂಕೋಬ?”

ತೇಪೆ ಅಂಟಿಸುವ ನನ್ನ ಸೊಲ್ಯೂಷನ್ ಡಬ್ಬಿಗಳು ಆ ಹೊರಸಿನಷ್ಟು ಜಾಗದೊಳಗೆ ಬರುತ್ತವೆಯೇ ಎಂದು ನಾನು ಕಣ್ಣಳತೆ ಹಾಕುತ್ತಿದ್ದೆ. ಬರುತ್ತಿದ್ದವು. “ನ್ಯಾಯ ಐತಿ ಅಕ್ಕಾ,” ಎಂದೆ.

ಓಣಿಯ ಉಳಿದವರ ಗತಿ ಏನು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಅಮಾವಾಸ್ಯೆ ಮುಂದಿನ ವಾರವಿತ್ತು. ಹುಲಿಗೆಮ್ಮ ಒಂದು ಎಲೆಗೆ ಸುಣ್ಣ ಸವರಿ ದಾವಲಸಾಬನಿಗೆ ಕೊಟ್ಟಳು. ಒಪ್ಪಿದ್ದಕ್ಕೆ ಅದೇ ಗುರುತು.

ಶನಿವಾರ ರಾಯರು ಕುರ್ಚಿಯಲ್ಲಿ ಒರಗಿದರು. ಕಾಡಪ್ಪನ ಬಾಯಿಯ ಕಟ್ಟು ಎಂದೋ ಬಿಚ್ಚಿತ್ತು, ಅವನು ಈ ಸಲ ಇಷ್ಟು ವಾರದ ಸಿಟ್ಟು ಕೂಡಿಟ್ಟುಕೊಂಡು ಕಾಯುತ್ತಿದ್ದ. ದಾವಲಸಾಬ ಬೆಂಚಿನ ತುದಿಯಲ್ಲಿ ಪತ್ರಿಕೆ ಮುಖಕ್ಕೆ ಹಿಡಿದು ಕೂತಿದ್ದ. ಅವನು ಅಲ್ಲಿದ್ದುದರಿಂದ ಅಂಗಡಿ ತಂಪಾಗಿತ್ತು, ಯಾರೂ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

“ನಾ ಒಂದು ಮಾತು ಹೇಳ್ತೀನಿ ರಾಯರ,” ಎಂದಳು ಹುಲಿಗೆಮ್ಮ. “ಮೌನೇಶ ನಮ್ಮ ದಾವಲಸಾಬಗಿಂತ ತುಸು ಮ್ಯಾಲ.”

ಕಾಡಪ್ಪನ ಬ್ರಷ್ಷು ರಾಯರ ಕಿವಿಯೊಳಗೆ ಹೋಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ ಹುಲಿಗೆಮ್ಮನಿಗೆ ಒಂದು ಮಾತಿನಲ್ಲಿ ನಿಲ್ಲಿಸಿ ಗೊತ್ತಿರಲಿಲ್ಲ. ಸಾಕ್ಷಿ ಕೊಡದೆ ಆಡಿದ ಮಾತು ಅವಳಿಗೆ ಮಾತೇ ಅಲ್ಲ. “ಯಾಕಂದ್ರ ದಾವಲಸಾಬ ಯಾ ಕಡೆ ಎತ್ತಬೇಕೋ ಆ ಕಡೆ ಮೊದಲ ಗದ್ದ ತಿರುಗಸ್ತಾನ. ಎದುರಿನವ್ರು ಅವನ ಗದ್ದ ನೋಡೇ ಓಡತಾರ. ಚೆಂಡ ನೋಡೋದ ಬಿಟ್ಟಾರ.” ಬೆಂಚಿನ ತುದಿಯಲ್ಲಿ ಪತ್ರಿಕೆ ಸ್ವಲ್ಪ ಕೆಳಗಿಳಿಯಿತು. “ಇನ್ನ ಸೋಲೋ ಹೊತ್ತಿನಾಗ ಚೆಂಡ ಯಾರಿಗೂ ಕೊಡಂಗಿಲ್ಲ, ತನ್ನ ಹೆಂಡತಿ ತಮ್ಮಗ ಒಬ್ಬಗ ಕೊಡತಾನ. ಆ ಹುಡುಗ ಹಾರೋದು ಮಣಕಾಲಿನಷ್ಟು. ಮನಿಯಾಗ ಬೈಸ್ಕೋಬಾರದಂತ ಓಣಿನ ಸೋಲಸ್ತಾನ.”

ಅವಳ ದನಿ ಏರುತ್ತಿತ್ತು. ಇಷ್ಟು ವರ್ಷ ಅವನನ್ನು ಹೊಗಳುವುದಕ್ಕೆಂದು ಅಷ್ಟು ಹತ್ತಿರದಿಂದ ನೋಡಿದವಳು, ನುಂಗಿಕೊಂಡದ್ದೆಲ್ಲ ಒಂದರ ಹಿಂದೆ ಒಂದು ಬಂತು. ಗಾಳಿಯ ದಿನ ಅವನು ಹೆದರುತ್ತಾನೆ. ಹಿಂದಕ್ಕೆ ಎತ್ತಲು ಬರುವುದಿಲ್ಲ. ಬರುತ್ತದೆಂದು ತೋರಿಸಲು ಹೋಗಿ ಅಂಪೈರನ ತಲೆಗೆ ಹೊಡೆದಿದ್ದಾನೆ. ನಾನು ಎರಡು ಸಲ ಕೆಮ್ಮಿದೆ. ಅವಳಿಗೆ ಕೇಳಿಸಲಿಲ್ಲ.

ಇದಕ್ಕಿಂತ ದೊಡ್ಡ ಅನಾಹುತ ಆಗುತ್ತಿದ್ದುದು ಕುರ್ಚಿಯ ಹಿಂದೆ. ಕಾಡಪ್ಪ ಹುಟ್ಟಿದಾಗಿನಿಂದ ಹುಲಿಗೆಮ್ಮನ ಮಾತನ್ನು ಒಪ್ಪಿದವನಲ್ಲ. ಈಗ ಅವಳು ಅವನ ಮಾತನ್ನೇ ಆಡುತ್ತಿದ್ದಳು. ಅವನ ಮುಖ ನೋಡಬೇಕಿತ್ತು. ತನ್ನ ಅಂಗಿಯನ್ನು ಬೇರೆಯವನು ಹಾಕಿಕೊಂಡು ಬಂದದ್ದನ್ನು ಕಂಡವನ ಹಾಗಿತ್ತು.

“ಅಲ್ಲವಾ,” ಎಂದ ಕೊನೆಗೆ, “ಅಷ್ಟೂ ಬೈಬ್ಯಾಡ. ಗದ್ದ ತಿರುಗಿಸಿದ್ರೇನಾತು? ಎತ್ತತಾನಲ್ಲ. ಮೌನೇಶ ಎಲ್ಲಿ ಎತ್ತತಾನ? ಅವ ಚೆಂಡ ಹಿಡದು ಒಗೀತಾನ. ಚೆಂಡ ಅವನ ಕೈಯಾಗ ಕುಂತು ಎಲಿ ಹಾಕ್ಕೊಂಡು ಏಳತೈತಿ. ಅಂಪೈರ್ ನಮ್ಮ ಓಣಿ ಅಳಿಯ ಅಂತ ಸೀಟಿ ಊದಿಲ್ಲ.”

ಕಮಾನ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಅವರಿಗೆಲ್ಲ ಗೊತ್ತಿದ್ದ, ಗೊತ್ತಿದ್ದೂ ಯಾರೂ ಆಡದಿದ್ದ ಮಾತು.

“ಮೌನೇಶನ್ನ ಏನೂ ಅನಬ್ಯಾಡ,” ಎಂದಳು ಹುಲಿಗೆಮ್ಮ, ಈಗ ನಿಜವಾಗಿಯೇ ಸಿಟ್ಟಾಗಿ. “ಅವ ಪ್ರಬುದ್ಧ ಅದಾನ.”

“ಪ್ರಬುದ್ಧ ಅಲ್ಲ, ಮಂದ ಅದಾನ. ನೀ ದಾವಲಸಾಬನ್ನ ಅನ್ನಬ್ಯಾಡ.”

ಹೀಗೆ ಇಬ್ಬರೂ ಒಬ್ಬರ ಲಿಫ್ಟರನನ್ನು ಇನ್ನೊಬ್ಬರು ಕಾಪಾಡುತ್ತ, ತಮ್ಮವನನ್ನು ತಾವೇ ಹರಿದು ಹಾಕುತ್ತ ಹೋದರು. ಒಬ್ಬರ ಮನೆಯ ಹುಳುಕು ಇನ್ನೊಬ್ಬರಿಗೆ ಇಷ್ಟು ಚೆನ್ನಾಗಿ ಗೊತ್ತಿರುವುದಿಲ್ಲ. ರಾಯರ ಗಡ್ಡ ಎಂದೋ ಮುಗಿದಿತ್ತು. ಅವರು ಮುಖ ಒರೆಸಿಕೊಂಡು ಓದುವ ಕನ್ನಡಕ ಏರಿಸಿ, ಇಬ್ಬರನ್ನೂ ಮಸುಕು ಮಸುಕಾಗಿ ನೋಡಿ ಎದ್ದು ಹೋದರು.

ಅಂಗಡಿಯ ಹೊರಗೆ ದಾವಲಸಾಬ ಹುಲಿಗೆಮ್ಮನಿಗೆ ಕಾದಿದ್ದ.

“ಬೈಯಿ ಅಂದಿದ್ದೆ ಅಕ್ಕಾ,” ಎಂದ. “ಖರೇ ಹೇಳು ಅಂದಿರಲಿಲ್ಲ.”

“ಸುಳ್ಳು ಬೈಯಾಕ ನನಗ ಬರಂಗಿಲ್ಲ.”

“ಹೊಗಳಿದ್ದು?”

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬುಟ್ಟಿಯ ಕಡೆ ನಡೆದಳು. ಅವನು ಅವಳ ಹಿಂದೆ ಹೋಗಲಿಲ್ಲ, ಬೇರೆ ದಾರಿಯಿಂದ ಹೋದ. ನೆರಳೂ ಆ ದಾರಿಯಿಂದಲೇ ಹೋಯಿತು.

ಸೋಮವಾರದ ಪತ್ರಿಕೆಯಲ್ಲಿ ದಾವಲಸಾಬ ಒಂಬತ್ತನೆಯವನು, ಮೌನೇಶ ಹತ್ತನೆಯವನು. ಒಂದನೇ ನಂಬರು ತಾಯಪ್ಪ. ತಾಯಪ್ಪ ಯಾರೆಂದು ಕಾಡಪ್ಪನ ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಬೇಕಾಯಿತು. ಊರ ಹೊರಗಿನ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವವನು, ಭಟ್ಟಿಯ ಟೀಮಿಗೆ ಚೆಂಡು ಎತ್ತುವವನು, ಅಲ್ಲೇ ಗುಡಿಸಲು. ಎರಡನೆಯವನೂ ಮೂರನೆಯವನೂ ಅದೇ ಭಟ್ಟಿಯವರು. ಅವರ ಬಗ್ಗೆ ಯಾವ ಶನಿವಾರವೂ ಯಾರೂ ಮಾತಾಡಿರಲಿಲ್ಲ, ಆದ್ದರಿಂದ ಅವರಲ್ಲಿ ದೋಷವೂ ಸಿಕ್ಕಿರಲಿಲ್ಲ. ‘ಟೀಕೆಗೆ ಅತೀತರಾದವರು’ ಎಂದು ರಾಯರು ಬರೆದಿದ್ದರು. ಬಾವಿ ಓಣಿಯ ಕೆಲವರಿಗೆ ಒಂಬತ್ತು ಹತ್ತಕ್ಕಿಂತ ಮೇಲು ಎಂಬ ಸಮಾಧಾನವಿತ್ತು. ಒಬ್ಬ ಪಟಾಕಿ ಕೂಡ ತಂದಿದ್ದ, ಹಚ್ಚುವುದೋ ಬೇಡವೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ.

ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲು ಎರಡೂ ಓಣಿಗಳ ಮೇಲೆ ಭೇದವಿಲ್ಲದೆ ಬಿತ್ತು. ಸಂತೆಯವರು ಬುಟ್ಟಿ ಹೊತ್ತು ಕಮಾನಿನವರೆಗೆ ಹೋದರು, ಅಲ್ಲಿಂದ ತಿರುಗಿ ಬಂದರು. ತಾಯಪ್ಪನ ನೆರಳು ಭಟ್ಟಿಯ ಬಯಲಲ್ಲಿ ಬಿದ್ದಿತ್ತು, ಅದರಲ್ಲಿ ಮೇಕೆಗಳು ಮಲಗಿದ್ದವು. ಹಸಿ ಇಟ್ಟಿಗೆ ಒಣಗುತ್ತಿಲ್ಲವೆಂದು ಭಟ್ಟಿಯ ಮಾಲೀಕ ಅವನನ್ನು ಬೈಯುತ್ತಿದ್ದನಂತೆ. ಅಷ್ಟು ದೂರ ಹೋಗಿ, ಮುಖ ಕಾಣದವನ ಹೆಸರು ಕೂಗಿ, ಕಾಯಿಪಲ್ಲೆ ಮಾರಲು ಯಾರೂ ತಯಾರಿರಲಿಲ್ಲ. ಕೊಳ್ಳಲು ಯಾರು ಬರುತ್ತಾರೆ?

ರಾಯರು ಮೇಜನ್ನು ಮನೆಯೊಳಗೆ ಹೊರಿಸಿದರು. ದಾವಲಸಾಬ ಮಾತ್ರ ಓಣಿಯ ನಡುವೆ ಹತ್ತಿ ಹರವಿದ. ಮಧ್ಯಾಹ್ನಕ್ಕೆಲ್ಲ ಅದು ಗರಿಗರಿಯಾಯಿತು. ಅವನು ಹಿಂಜುವ ಸದ್ದು ದಿನವಿಡೀ ಕೇಳುತ್ತಿತ್ತು. ಹುಲಿಗೆಮ್ಮನ ಕಡೆ ಅವನು ತಲೆ ಎತ್ತಿ ನೋಡಲಿಲ್ಲ.

ಅಮಾವಾಸ್ಯೆಗೆ ತಿಪ್ಪಣ್ಣ ಬಂದ. ಗೋಣಿತಟ್ಟು ಎತ್ತಿ ನೋಡಿ ಮತ್ತೆ ಮುಚ್ಚಿದ. ಕಮಾನ ಓಣಿಯಾಕಿಯ ಬುಟ್ಟಿಯನ್ನೂ ನೋಡಿಕೊಂಡೇ ಬಂದಿದ್ದ.

“ನಿಮ್ಮೂರಿಗೆ ಎಲಿ ಬಂದ್ ಅಕ್ಕಾ,” ಎಂದ. “ಬ್ಯಾಸರ ಮಾಡ್ಕೋಬ್ಯಾಡ.”

“ನಾಳಿಂದ?”

“ಇವತ್ತಿಂದ.”

ಹುಲಿಗೆಮ್ಮ ಬುಟ್ಟಿಯನ್ನು ಅಲ್ಲೇ ಕೊಡವಿದಳು. ಬಾಡಿದ ಎಲೆ ಮೇಯಲು ಯಾರದೋ ಆಕಳು ಬಂತು, ಮೂಸಿ ನೋಡಿ ಹೋಯಿತು. ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಅದೇ ಜಾಗದಲ್ಲಿ ಗೋಣಿ ಹಾಸಿ ಅಡಿಕೆ ಹೋಳು, ತಂಬಾಕು, ಸುಣ್ಣದ ಡಬ್ಬಿ ಇಟ್ಟುಕೊಂಡು ಕೂತಳು. ಬಿಸಿಲಿಗೆ ಅವು ಬಾಡುವುದಿಲ್ಲ. ಎಲೆ ಇಲ್ಲದೆ ಅಡಿಕೆಯನ್ನು ಯಾರು ಕೊಳ್ಳುತ್ತಾರೆಂದು ನಾನು ಕೇಳಿದೆ.

“ನೀ ಕೊಳ್ಳು,” ಎಂದಳು. ಕೊಂಡೆ.

ಶನಿವಾರ ಕಾಡಪ್ಪ ಅಂಗಡಿಯಿಂದ ಕೂಗಿ ಕರೆದ. “ಬಾರವಾ ಹುಲಿಗೆಮ್ಮಾ. ರಾಯರು ಬಂದಾರ. ತಾಯಪ್ಪನ ಬೆರಳು ಯಾರರ ನೋಡೀರೇನು ಅಂತ ಕೇಳಾಕ ಹತ್ತ್ಯಾರ.”

“ನಾ ನೋಡಿಲ್ಲ,” ಎಂದಳು. ಆದರೂ ಎದ್ದಳು, ಗೋಣಿ ಮಡಿಚಿದಳು, ನನಗೆ ಅಡಿಕೆಯ ಮೇಲೆ ಕಣ್ಣಿಡಲು ಹೇಳಿ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ದನಿ ಕೇಳಿಸಿತು. ನೋಡದ ಬೆರಳಿನ ಬಗ್ಗೆ ಅವಳಿಗೆ ಹೇಳುವುದು ಬೇಕಾದಷ್ಟಿತ್ತು.

ಆ ಬೇಸಿಗೆಯಲ್ಲಿ ನಮ್ಮೂರಿಗೆ ಹೋದದ್ದು ಇಷ್ಟು: ಓಣಿಯುದ್ದದ ನೆರಳು ಒಂದು, ಹೊರಸಿನಷ್ಟು ನೆರಳು ಒಂದು, ವೀಳ್ಯದೆಲೆ ಅಂಗಡಿ ಎರಡು, ಮುಗ್ಗಿದ ಗಾದಿ ನಾಲ್ಕು.